ಮಾವನ ಸೋಲಾರೂ ಹಿತ್ತಲಿನ ಹೊಗೆಯೂ

ತಲ್ಲೂರಿನ ನನ್ನ ಸೋದರಮಾವ ಹೆದರುವುದು ಎರಡಕ್ಕೆ ಮಾತ್ರ: ಮೋಡಕ್ಕೆ, ಮತ್ತು ಮೀಟರ್ ಓದಲು ಬರುವವನಿಗೆ. ಹಾವನ್ನು ಕೋಲಿನಲ್ಲೆತ್ತಿ ಆಚೆ ಬಿಟ್ಟುಬರುವ ಮನುಷ್ಯರು ಇವರೇ ಎಂದರೆ ನೀವು ನಂಬಲೇಬೇಕು!

ಎಲ್ಲಕ್ಕೂ ಕಾರಣ ಅತ್ತೆಯ ಉಬ್ಬಸ. ಬಚ್ಚಲೊಲೆಯ ಹೊಗೆ ಇನ್ನು ಅವರ ಹತ್ತಿರ ಸುಳಿಯಬಾರದೆಂದು ಕುಂದಾಪುರದ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮಾವ ತಡಮಾಡದೆ ತಾರಸಿಯ ಮೇಲೆ ಸೋಲಾರ್ ಹೀಟರ್ ಕೂರಿಸಿದರು. ಕರೆಂಟ್ ಬಿಲ್ಲಿನಲ್ಲಿ ಸರ್ಕಾರದ ರಿಯಾಯಿತಿಯೂ ಸಿಕ್ಕಿತು. ಸಿಕ್ಕಿದ್ದೇ ತಡ, ಚಿಂತೆ ಶುರು. ಸರ್ಕಾರ ಯಾರಿಗಾದರೂ ಸುಮ್ಮನೆ ಏನಾದರೂ ಕೊಡುತ್ತದೆಯೇ? ಮನೆಯಲ್ಲಿ ಹೊಗೆ ಕಂಡರೆ ರಿಯಾಯಿತಿ ಕಿತ್ತುಕೊಂಡರೆ? ಅಂಗೈಯಗಲ ಮೋಡ ಕಂಡರೂ ಏಣಿ ಹತ್ತಿ, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಟ್ಯಾಂಕನ್ನು ಮುಟ್ಟಿ ನೋಡುತ್ತಿದ್ದರು.

ಕಳೆದ ದೀಪಾವಳಿಯ ನೀರು ತುಂಬುವ ದಿನ ನಾನು ಅಲ್ಲಿದ್ದೆ. ಅಂದು ಹಂಡೆಗೆ ಹಿಂಡ್ಲೆ ಬಳ್ಳಿ ಸುತ್ತಿ, ಮರುದಿನದ ಎಣ್ಣೆಸ್ನಾನಕ್ಕೆ ಹೊಸ ನೀರು ತುಂಬುವುದು ನಮ್ಮ ಪದ್ಧತಿ. ಮಾವ ಬಳ್ಳಿಯನ್ನು ಹೆಗಲಿಗೇರಿಸಿ ತಾರಸಿ ಹತ್ತಿದರು. ಟ್ಯಾಂಕಿಗೆ ಸುತ್ತಿ, ಉಳಿದದ್ದನ್ನು ಗಾಜಿನ ಕೊಳವೆಗಳ ಮೇಲೆಲ್ಲ ಹರಡಿದರು.

"ಮಾವ, ಅದಕ್ಕೆ ಬಿಸ್ಲ್ ಬೀಳುದ್ ಬ್ಯಾಡ್ದಾ?" ಎಂದೆ.

"ಬಿಸ್ಲ್ ಎಲ್ಲಿತ್ ಮರಾಯಾ? ವಾರದಿಂದ ಬರೀ ಮೋಡ. ಇನ್ನ್ ಈ ಬಳ್ಳಿಯೇ ಗತಿ."

ಅಷ್ಟರಲ್ಲಿ ಮೀಟರಿನವನು ಬಂದ. "ಹಿತ್ಲಂಗೆ ಎಂತ ಹೊಗಿ?"

"ಹಪ್ಳ ಸುಡುದ್," ಎಂದರು ಮಾವ ಮೇಲಿನಿಂದಲೇ.

"ಹೋದ್ ತಿಂಗ್ಳೂ ಹಪ್ಳ ಅಂದಿದ್ರಿ."

"ನಮ್ಗ್ ಹಪ್ಳ ಅಂದ್ರೆ ಜೀವ."

ಆತ ನಗುತ್ತ ಬಿಲ್ಲು ಕೊಟ್ಟು ಹೋದ. ರಿಯಾಯಿತಿ ಇದ್ದಲ್ಲೇ ಇತ್ತು. ನಾನು ಹಪ್ಪಳದಾಸೆಗೆ ಹಿತ್ತಲಿಗೆ ಹೋದರೆ, ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಹಂಡೆ ಒಲೆಯ ಮೇಲೆ ಕುದಿಯುತ್ತಿದೆ!

ಹಿಂದೆಯೇ ಓಡಿಬಂದ ಮಾವ ನನ್ನ ಕೈ ಹಿಡಿದುಕೊಂಡರು. "ಒಳ್ಗ್ ಹೇಳ್ಬ್ಯಾಡ. ಸೋಲಾರ್ ಕಾಯ್ತಿಲ್ಲೆ ಅಂದ್ರೆ ಅವ್ಳೇ ಬಂದ್ ಒಲಿ ಊದುಕೆ ಕೂಕಂತ್ಳ್. ಅವ್ಳ್ ಉಸ್ರ್ ಹೋದ್ರೆ ಯಾವ್ ಸರ್ಕಾರ ವಾಪಸ್ ಕೊಡತ್ತ್?" ಮೋಡದ ದಿನಗಳಲ್ಲೆಲ್ಲ ಇಲ್ಲಿಂದ ನೀರು ಹೊತ್ತು, ಬಚ್ಚಲ ಬಕೆಟಿಗೆ ತುಂಬಿಸಿ, ಸೋಲಾರಿನ ನಲ್ಲಿಯಿಂದ ಹಿಡಿದದ್ದೆಂದು ಅತ್ತೆಗೆ ಹೇಳುತ್ತಿದ್ದರಂತೆ.

ಮರುದಿನ ಬೆಳಗ್ಗೆ ಅತ್ತೆ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಹಿತ್ತಲಿನಿಂದ ಕೆಮ್ಮು ಕೇಳಿಸಿತು. ಅವರ ಕೈ ನಿಂತಿತು.

"ಕೇಂತಾ? ಈಗ ಕೆಮ್ಮು ಅವ್ರಿಗೆ. ನೀರಿಗ್ ಹೊಗಿ ವಾಸ್ನಿ ಬಪ್ದ್ ನಂಗ್ ಗೊತ್ತಾತಿಲ್ಯಾ?"

ಎದ್ದು ಬಚ್ಚಲಿಗೆ ಹೋಗಿ ಸೋಲಾರಿನ ನಲ್ಲಿ ತಿರುಗಿಸಿದರು. ಅದರಡಿ ಕೈಯಿಟ್ಟೆ, ನೀರು ಕೊರೆಯುತ್ತಿತ್ತು. ಅತ್ತೆ ಕಿಟಕಿಯಿಂದ ಕೂಗಿದರು: "ಹ್ವಾಯ್, ಸೋಲಾರ್ ನೀರ್ ಭಾರಿ ಬಿಸಿ ಬತ್ತಾ ಇತ್ತ್. ಒಳ್ಗ್ ಬನ್ನಿ."

ಮಾವ ಕಣ್ಣೊರೆಸಿಕೊಳ್ಳುತ್ತ ಓಡಿಬಂದರು. "ಕಂಡ್ಯಾ, ಬಳ್ಳಿ ಕಟ್ಟಿದ್ದಕ್ಕೆ!"

ಅತ್ತೆ ಮಿಂದು ಬಂದರು. ತುಟಿ ನೀಲಿಗಟ್ಟಿತ್ತು, ಮುಖದಲ್ಲಿ ನಗುವಿತ್ತು. ನಾನೂ ಮಿಂದು ಬಂದು, ಮೈ ಸುಟ್ಟಿತೆಂದೆ.

ಮಾವ ಖುಷಿಯಿಂದ ಟವೆಲ್ ಹೆಗಲಿಗೆ ಹಾಕಿಕೊಂಡರು. ಈಗ ಅವರ ಸರದಿ. ಮೋಡ ಸರಿದಿದೆಯೇ ಎಂದು ನಾನು ಅಂಗಳಕ್ಕೆ ಓಡಿ ಆಕಾಶ ನೋಡಿದೆ.