ಸಂಸ್ಥಾಪಕರ ಮೀಸೆ

ಹೋಟೆಲಿಗೆ ನೂರು ವರ್ಷ ತುಂಬಿದ ದಿನವೇ ಲಿಫ್ಟು ಕೆಟ್ಟು ಕೂತಿತು. ಇಪ್ಪತ್ತೆರಡು ವರ್ಷಗಳಿಂದ ದಿನಕ್ಕೆ ನೂರು ಸಲ ಮೇಲೇರಿಯೂ ಬಾಳಿನಲ್ಲಿ ಒಂದು ಮೆಟ್ಟಿಲೂ ಏರದ ಲಿಫ್ಟಿನವನು ಸುಮ್ಮನೆ ನಿಂತಿದ್ದು ಮ್ಯಾನೇಜರರ ಕಣ್ಣಿಗೆ ಬಿತ್ತು.

"ಕೈ ಖಾಲಿ ಇದೆಯಲ್ಲ, ಆ ಪಟ ಒರೆಸು. ಹನ್ನೊಂದಕ್ಕೆ ದೊಡ್ಡಮ್ಮ ಬರ್ತಾರೆ."

ಹಜಾರದ ಗೋಡೆಯ ಆ ಬಣ್ಣದ ಪಟದಲ್ಲಿದ್ದವರು ಹೋಟೆಲಿನ ಸಂಸ್ಥಾಪಕರು. ಪರದೇಶದಿಂದ ಒಂದೇ ಟ್ರಂಕಿನೊಂದಿಗೆ ಹಡಗಿಳಿದು, ಬಂದರುಕಟ್ಟೆಯಲ್ಲಿ ನಾವಿಕರಿಗೆ ಚಹಾ ಮಾರಿ, ಕೊನೆಗೆ ಎಂಬತ್ತು ಕೋಣೆಗಳ ಈ ಅರಮನೆ ಎಬ್ಬಿಸಿದವರು. ಕೋಟು, ಟೋಪಿ, ಪೊರಕೆಯಂಥ ಮೀಸೆ. ಈಗಿನ ಒಡತಿ ದೊಡ್ಡಮ್ಮ ಅವರ ಮೊಮ್ಮಗಳು.

ಮೀಸೆಯ ಮೇಲೊಂದು ನೊಣದ ಹಿಕ್ಕೆ. ಲಿಫ್ಟಿನವನು ಉಗುರಿನಿಂದ ಕೆರೆದ. ಜಪ್ಪಯ್ಯ ಎಂದರೂ ಹೋಗಲಿಲ್ಲ.

"ನಿಂಬೆರಸ ಹಚ್ಚಪ್ಪ," ಎಂದು ಅಡುಗೆಯವನು ಬಟ್ಟಲು ತಂದ.

"ನಿಂಬೆಗೆಲ್ಲ ಜಗ್ಗಲ್ಲ ಅದು," ಎಂದು ಲಾಂಡ್ರಿಯಾಕೆ ಹಿಡಿ ತುಂಬ ಸೋಡಾಪುಡಿ ಸುರಿದಳು.

ಬುಸ್ಸೆಂದು ನೊರೆ ಎದ್ದಿತು. ಒರೆಸಿ ನೋಡಿದರೆ ಹಿಕ್ಕೆಯೂ ಇಲ್ಲ, ಎಡಮೀಸೆಯೂ ಇಲ್ಲ!

ಲಿಫ್ಟಿನವನು ಗಡಿಯಾರ ನೋಡಿದ. ಕೆಲಸ ಹೋದರೆ ಮನೆಯಲ್ಲಿ ಐದು ಹೊಟ್ಟೆ.

"ಅರ್ಧ ಮೀಸೆ ಅಸಹ್ಯ. ಇನ್ನರ್ಧಾನೂ ತೆಗಿ," ಎಂದ ಅಡುಗೆಯವನು. "ಕ್ಷೌರ ಮಾಡಿಸ್ಕೊಂಡಿದಾರೆ ಅಂದ್ಕೋತಾರೆ."

"ಸತ್ತು ಅರವತ್ತು ವರ್ಷ ಆದ್ಮೇಲಾ?" ಎಂದು ಗೋಳಾಡುತ್ತಲೇ ಲಿಫ್ಟಿನವನು ಬಲಮೀಸೆಯನ್ನೂ ಉಜ್ಜಿದ.

ಬಾಗಿಲಲ್ಲಿ ಊರುಗೋಲು ಟಕಟಕ ಎಂದಿತು. ದೊಡ್ಡಮ್ಮ, ಅವರ ಹಿಂದೆಯೇ ಸಮಾರಂಭಕ್ಕೆ ಬಂದ ಅತಿಥಿಗಳು. ಸಲಹೆಗಾರರಿಬ್ಬರೂ ಕಂಬದ ಹಿಂದೆ ಕರಗಿದರು.

"ಯಾರು ಮಾಡಿದ್ದಿದು?"

"ನಾ... ನಾನೇ ದೊಡ್ಡಮ್ಮ. ಸುಮ್ನೆ ಒರೆಸ್ತಿದ್ದೆ..."

ದೊಡ್ಡಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅಯ್ಯೋ, ಅಜ್ಜಿ!"

ಅತಿಥಿಗಳೆಲ್ಲ ಬಾಯಿ ಬಿಟ್ಟರು.

"ಇವ್ರು ನನ್ನಜ್ಜಿ ಕಣಯ್ಯಾ! ಒಂಟಿ ಹೆಂಗಸು, ಅದೂ ಪರದೇಶದವಳು ನಡೆಸೋ ಹೋಟೆಲಿಗೆ ಯಾರು ಬರ್ತಾರೆ? ಅದಕ್ಕೇ ಕೋಟು ಟೋಪಿ ತೊಟ್ಟು ಪಟ ಬರೆಸಿ, ಮೇಲೆ ಮೀಸೆನೂ ಬಳಿಸಿದ್ರಂತೆ. ಯಜಮಾನ್ರೆಲ್ಲಿ ಅಂದ್ರೆ, ಹಡಗು ಹತ್ತಿದಾರೆ, ನಾಳೆ ಬರ್ತಾರೆ ಅಂತಿದ್ರಂತೆ. ನಲವತ್ತು ವರ್ಷ! ಅಮ್ಮ ಹೇಳಿದಾಗ ಕಟ್ಟುಕತೆ ಅಂದ್ಕೊಂಡಿದ್ದೆ."

ಚಪ್ಪಾಳೆ ಬಿತ್ತು. ಲಿಫ್ಟಿನವನಿಗೆ ಹೋದ ಜೀವ ಬಂದಂತಾಯಿತು. ಕಂಬದ ಹಿಂದಿನಿಂದ ಎರಡು ತಲೆ ಹೊರಬಂದವು.

"ನಿಂಬೆರಸ ನಂದು!"

"ಸೋಡಾಪುಡಿ ನಂದು!"

ದೊಡ್ಡಮ್ಮ ಅವರತ್ತ ನೋಡದೆ ಲಿಫ್ಟಿನವನ ಕೈ ಹಿಡಿದುಕೊಂಡರು. "ಬಂಗಾರದಂಥ ಕೈ! ಇನ್ನು ಲಿಫ್ಟಿನಲ್ಲಿ ಸವೆಸಬೇಡ. ಉಗ್ರಾಣದಲ್ಲಿ ನಾಲ್ಕು ಸಾವಿರ ತಟ್ಟೆ ಇದೆ, ಎಲ್ಲದರ ಮೇಲೂ ಇದೇ ಮುಖ. ನಾಳೆಯಿಂದ ಉಜ್ಜು. ಹುಷಾರು, ಮೀಸೆ ಮಾತ್ರ ಹೋಗ್ಬೇಕು, ಅಜ್ಜಿ ಉಳೀಬೇಕು."

ಕೆಲಸ ಉಳಿಯಿತಲ್ಲ ಎಂದು ಉಸಿರುಬಿಟ್ಟು ಅವನು ಸಹಾಯಕ್ಕಾಗಿ ಹಿಂದಿರುಗಿ ನೋಡಿದ. ಅಡುಗೆಯವನಿಗೆ ಒಲೆಯ ನೆನಪಾಗಿತ್ತು. ಲಾಂಡ್ರಿಯಾಕೆಗೆ ಆಗಲೇ ಸೊಂಟ ಹಿಡಿದಿತ್ತು.