ಪರಕರದಾಗ ಹೊರಟ ಟ್ಯಾಂಕು

ಹೊಸ ವಸ್ತುವನ್ನು ಕಷ್ಟಪಟ್ಟು ಹಳೆಯದು ಮಾಡುವ ಹವ್ಯಾಸ ಇಟ್ಟುಕೊಂಡರೆ ಇಂಥವೆಲ್ಲ ನಡೆಯುತ್ತಲೇ ಇರುತ್ತವೆ. ಪ್ಲಾಸ್ಟಿಕ್ಕಿನ ಪುಟ್ಟ ಯುದ್ಧದ ಟ್ಯಾಂಕು ಜೋಡಿಸಿ, ಕೆಂಪು ಬಣ್ಣ ಬಳಿದು, ಆಮೇಲೆ ಅದಕ್ಕೆ ತುಕ್ಕು, ಗೀರು, ಕೆಸರು ಹಚ್ಚುತ್ತಾ ಕೂರುವುದು ನನ್ನ ಚಟ. ಊರಿಗೆ ಊರೇ ಕಂಪ್ಯೂಟರಿನ ಜಾವಾ ಕಲಿಯುತ್ತಿದ್ದ ಕಾಲ. ನಾನೂ ಹಗಲೆಲ್ಲ ಅದನ್ನೇ ಮಾಡಿ ಸಂಬಳ ತರುತ್ತಿದ್ದುದರಿಂದ ತೆಲುಗು ನಾಡಿನ ರಾಜಧಾನಿಗೆ ಬಂದು ತಾರ್ನಾಕದಲ್ಲಿ ನೆಲೆಸಿದ್ದ ನಮ್ಮ ಮನೆಯವರು ಸಹಿಸಿಕೊಂಡಿದ್ದರು.

ಆ ವರ್ಷ ದಸರೆ ಮುಗಿದ ಭಾನುವಾರ ಇಂಥ ಮಾದರಿಗಳ ಪ್ರದರ್ಶನವಿತ್ತು. ಟ್ಯಾಂಕಿನ ಬಗ್ಗೆ ನನಗೆ ಚಿಂತೆಯಿರಲಿಲ್ಲ. ತೀರ್ಪುಗಾರರು ಪ್ರಶ್ನೆ ಕೇಳುತ್ತಾರೆ, ಎಲ್ಲರೆದುರು ಬಾಯಿಬಿಡಬೇಕು, ಅದೇ ಚಿಂತೆ. ಕಾನ್ವೆಂಟಿನಲ್ಲಿ 'ಪ್ರೆಸೆಂಟ್ ಮಿಸ್' ಅನ್ನುವುದಕ್ಕೂ ಗಂಟಲು ಕಟ್ಟುತ್ತಿದ್ದ ಹುಡುಗಿ ನಾನು.

ಕೂದಲಿನ ವಿಚಾರ

ಬಣ್ಣ ಸುಲಿದಂತೆ ಕಾಣಿಸಲು ಒಂದು ಉಪಾಯವಿದೆ. ತುಕ್ಕಿನ ಬಣ್ಣದ ಮೇಲೆ ಹೇರ್‌ಸ್ಪ್ರೇ ಹೊಡೆದು, ಒಣಗಿದ ಮೇಲೆ ಕೆಂಪು ಬಳಿದು, ಒದ್ದೆ ಬ್ರಷ್ಷಿನಿಂದ ಉಜ್ಜಿದರೆ ಕೆಂಪು ಅಲ್ಲಲ್ಲಿ ಕಿತ್ತು ಬರುತ್ತದೆ. ನಾರಾಯಣಗೂಡದ ಅಂಗಡಿಯಿಂದ ಒಂದು ಡಬ್ಬಿ ತಂದೆ. ಎಣ್ಣೆ ಹಚ್ಚಿ ಜಡೆ ಹಾಕುವ ಮಗಳ ಚೀಲದಲ್ಲಿ ಅದನ್ನು ಕಂಡ ಅವ್ವ, ಬಾಗಿಲು ಮುಂದೆ ಮಾಡಿ ಮೆಲ್ಲಗೆ ಕೇಳಿದಳು: "ಯಾರವ್ವಾ ಹುಡುಗ? ತೆಲುಗಿನವ ಇದ್ರೂ ನಡೀತೈತಿ, ನಿಮ್ಮಪ್ಪಗ ನಾ ಹೇಳ್ತೀನಿ."

"ಹುಡುಗ ಇಲ್ಲವ್ವಾ. ಅದು ಟ್ಯಾಂಕಿಗೆ."

ಅವ್ವ ಟ್ಯಾಂಕನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಮುಖದ ತುಂಬ ನಿರಾಸೆ.

"ಇದಕ್ಕ ಕೂದಲಾ ಎಲ್ಲಿ ಅದಾವ?"

ಕಂಪನಿ ಮಣ್ಣು

ಆಗ ನಮ್ಮ ಆಫೀಸಿನ ಸುತ್ತ ಎಲ್ಲೆಲ್ಲೂ ಕಟ್ಟಡ ಏಳುತ್ತಿದ್ದವು. ಕಂಪನಿ ಬಸ್ಸಿನ ಚಕ್ರಕ್ಕೆ ಮೆತ್ತಿ ಒಣಗಿದ ಮಣ್ಣಿಗೆ ಅಂಗಡಿಯ ಯಾವ ಪುಡಿಯೂ ಸಾಟಿಯಲ್ಲ. ಕ್ಯಾಮೆರಾ ರೀಲಿನ ಖಾಲಿ ಡಬ್ಬಿ ಹಿಡಿದು ಕುಕ್ಕುರುಗಾಲಲ್ಲಿ ಕೂತು ಕೆರೆಯುತ್ತಿದ್ದೆ. ಹಿಂದೆ ಸೆಕ್ಯುರಿಟಿ ಚಾಚಾ ಬಂದು ನಿಂತ.

"ಕಾಯ್ಕು ಮೇಡಂ?" ಮಣ್ಣು ಯಾಕೆ ಎಂದು ಅವನ ಪ್ರಶ್ನೆ.

ಮಾತಾಡುವ ಬದಲು ಡಬ್ಬಿ ಚಾಚಿದೆ. ಮೂಸಿದ, ಅಲ್ಲಾಡಿಸಿದ, ಕೊನೆಗೆ ಮಣ್ಣೇ ಎಂದು ಒಪ್ಪಿಕೊಂಡ. ಗೇಟಿನ ಒಳಗಿನದು ಏನೇ ಹೊರಗೆ ಹೋದರೂ ಪಾಸ್ ಬೇಕು, ಮರಳಿ ತರುವುದೋ ಇಲ್ಲವೋ ಬರೆಯಬೇಕು ಎಂದ. ಪುಸ್ತಕ ಬಿಡಿಸಿ, ಪೆನ್ನು ಕೊಡವಿ, ಕಂಪ್ಯೂಟರ್ ಒಯ್ಯುವವರನ್ನು ಕೇಳುವಷ್ಟೇ ಗಂಭೀರವಾಗಿ ಕೇಳಿದ:

"ವಾಪಸ್ ಲಾತೇ ಕ್ಯಾ?"

ಮರ್ಯಾದಿ

ಆಯಿಗೆ, ಅಂದರೆ ನನ್ನ ಅಜ್ಜಿಗೆ, ಎರಡು ಅನುಮಾನಗಳಿದ್ದವು.

"ಇಷ್ಟು ಸಣ್ಣದ್ರಾಗ ಮನಷ್ಯಾ ಹೆಂಗ ಕೂಡ್ತಾನ?"

"ಎಲ್ಲಾನೂ ಮೂವತ್ತೈದು ಪಟ್ಟು ಸಣ್ಣದು ಆಯಿ. ಮನಷ್ಯಾನೂ ಹೆಬ್ಬೆಟ್ಟಿನಷ್ಟ."

"ಎಲ್ಲಾನೂ?"

"ಎಲ್ಲಾನೂ."

"ಮತ್ತ ಟ್ಯಾಂಕು ಅಂದ್ರ ಹಸರು ಇರ್ತಾವ. ಇದ್ಯಾಕ ಕೆಂಪಗೈತಿ?"

ಕೆಂಪು ಅಂದರೆ ಅಡಿಬಣ್ಣ, ಅದರ ಮೇಲೆ ಹಸಿರು ಬಳಿಯಬೇಕು. ಮಹಾಯುದ್ಧದ ಕೊನೆಗೆ ಇದರ ಸೈನ್ಯದವರು ಸೋಲುವ ಗಡಿಬಿಡಿಯಲ್ಲಿ ಪುರಸೊತ್ತಿಲ್ಲದೆ ಹಾಗೇ ಕಳಿಸಿಬಿಟ್ಟರು ಎಂದು ವಿವರಿಸಿದೆ.

"ಅಯ್ಯ ನನ ಶಿವನ! ಸೀರಿ ಉಡಲಾರದ ಬರೇ ಪರಕರದಾಗ ಹೊರಬಿದ್ದೈತಿ ಅನ್ನು!"

ಪರಕರ ಅಂದರೆ ಸೀರೆಯೊಳಗಿನ ಲಂಗ. ಮರುದಿನ ಆಫೀಸಿನಿಂದ ಬಂದರೆ ಟ್ಯಾಂಕಿನ ಮೇಲೆ ಅಪ್ಪನ ಕರವಸ್ತ್ರ ಹೊದಿಸಿತ್ತು.

"ಮಂದಿ ಬಂದಿದ್ರು," ಅಂದಳು ಆಯಿ. "ಅದಕ್ಕೂ ಮರ್ಯಾದಿ ಐತಲ್ಲ."

ಹಳದಿ ಕಲೆ

ಆಯುಧಪೂಜೆಗೆ ಅಪ್ಪನ ಸ್ಕೂಟರ್, ಮಿಕ್ಸಿ, ನನ್ನ ಕಂಪ್ಯೂಟರ್ ಎಲ್ಲಕ್ಕೂ ಆಯಿ ಕುಂಕುಮ ಹಚ್ಚಿದಳು. ಸ್ಕೂಟರಿನ ಗಾಲಿಯಡಿ ನಿಂಬೆಹಣ್ಣು ಪಚಕ್ಕನೆ ಒಡೆಯಿತು. ನಾನು ಟ್ಯಾಂಕಿಗೆ ಅಡ್ಡ ನಿಂತೆ. "ಇದಕ್ಕ ಕುಂಕುಮ ಬ್ಯಾಡ ಆಯಿ, ಬಣ್ಣ ಕೆಡ್ತೈತಿ."

"ಆತು ಬಿಡವ್ವಾ, ಕುಂಕುಮ ಹಚ್ಚಂಗಿಲ್ಲ," ಅಂದಳು. ಇಷ್ಟು ಬೇಗ ಒಪ್ಪಿದ್ದಕ್ಕೆ ನಾನು ಅನುಮಾನ ಪಡಬೇಕಿತ್ತು.

ಭಾನುವಾರ ಪ್ರದರ್ಶನಕ್ಕೆ ಆಯಿಯೂ ಜೊತೆಗೆ ಬಂದಳು. ಭೂತಗನ್ನಡಿ ಹಿಡಿದ ತೀರ್ಪುಗಾರರು ತುಕ್ಕು ನೋಡಿ ತಲೆದೂಗಿದರು, ಕಂಪನಿ ಮಣ್ಣು ನೋಡಿ ಇನ್ನಷ್ಟು ತಲೆದೂಗಿದರು. ಗಾಲಿಗಳನ್ನು ಸುತ್ತುವರಿದ ಪಟ್ಟಿಯ ಹತ್ತಿರ ಬಂದವರು ಅಲ್ಲೇ ನಿಂತರು. "ಇಲ್ಲೇನೋ ಹಳದಿ ಒಡೆದು ಮೆತ್ತಿದೆಯಲ್ಲ, ಏನಿದು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಬಗ್ಗಿ ನೋಡಿದೆ. ಎರಡೂ ಪಟ್ಟಿಗಳ ಮುಂದಿನ ತುದಿಯಲ್ಲಿ, ನೆನೆಸಿ ಜಜ್ಜಿದ ಒಂದೊಂದು ಸಾಸಿವೆ ಕಾಳು! ಹಿಂದಿನ ಕುರ್ಚಿಯಿಂದ ಆಯಿ ಇಡೀ ಹಾಲಿಗೆ ಕೇಳುವಂತೆ ಕೂಗಿದಳು: "ಎಲ್ಲಾನೂ ಮೂವತ್ತೈದು ಪಟ್ಟು ಸಣ್ಣದು ಅಂದಿದ್ದೆಲ್ಲವ್ವಾ!"

ಎಲ್ಲರ ತಲೆಗಳೂ ನನ್ನತ್ತ ತಿರುಗಿದವು. ನಗು ಒತ್ತಿ ಬಂತು. ಅದರ ಹಿಂದೆಯೇ, ಹೇಗೋ, ಮಾತೂ ಬಂತು.

"ನಿಂಬೆಹಣ್ಣು, ಸರ್. ಅಳತೆಗೆ ಸರಿಯಾಗಿದೆ."

ಅವರು ಜೇಬಿನಿಂದ ಅಳತೆಪಟ್ಟಿ ತೆಗೆದು ನಿಜಕ್ಕೂ ಅಳೆದರು. ಮನಸ್ಸಿನಲ್ಲೇ ಗುಣಿಸಿದರು. "ಸರಿಯೇ ಇದೆ. ಆದರೆ ಆ ಸೈನ್ಯದವರು ಟ್ಯಾಂಕಿಗೆ ನಿಂಬೆಹಣ್ಣು ಇಡುತ್ತಿದ್ದರೇನಮ್ಮಾ?"

"ಇಲ್ಲ ಸರ್," ಅಂದೆ, ಹಾಲಿಗೆಲ್ಲ ಕೇಳುವಂತೆ. "ಅದಕ್ಕೇ ಸೋತರು."