ರೇಸ್ ಆಟಕ್ಕೆ ನಮ್ಮೂರ ರಸ್ತೆಗಳು

ಕಾಗದದ ಮೇಲೆ ಒಂದು ರಸ್ತೆ ಬರೆದು ನಮ್ಮ ಕಡೆಯವರ ಮುಂದೆ ಹರಡಿ ನೋಡಿ. ಐದು ನಿಮಿಷದೊಳಗೆ ಯಾರಾದರೊಬ್ಬರು ಅದರ ಮೇಲೆ ಬೆರಳಿಟ್ಟು ತಕರಾರು ತೆಗೆಯುತ್ತಾರೆ. ನಮ್ಮ ಮನೆಯಲ್ಲಿ ಇದು ನಾಲ್ಕು ವರ್ಷದಿಂದ ನಡೆಯುತ್ತಲೇ ಇದೆ.

ಕಾರಣ ಒಂದು ಆಟ. ಪೆಟ್ಟಿಗೆಯಲ್ಲಿ ಹುಣಸೆ ಬೀಜದಷ್ಟು ದೊಡ್ಡ ಕಾರುಗಳು, ಗೇರಿಗೊಂದು ದಾಳ, ಮಡಚುವ ಒಂದು ಹಲಗೆ. ಹಲಗೆಯ ಮೇಲಿನ ರೇಸಿನ ಹಾದಿಯನ್ನು ಚೌಕಾಬಾರದ ಹಾಗೆ ಮನೆಗಳಾಗಿ ಭಾಗ ಮಾಡಿರುತ್ತಾರೆ. ಮೊದಲನೇ ಗೇರಿನ ದಾಳಕ್ಕೆ ಒಂದೆರಡು ಮನೆ, ನಾಲ್ಕನೇ ಗೇರಿಗೆ ಹತ್ತು ಹನ್ನೆರಡು. ತಿರುವು ಬಂದರೆ ಅದರೊಳಗೆ ಒಮ್ಮೆಯಾದರೂ ನಿಂತು ಮುಂದೆ ಹೋಗಬೇಕು, ಇಲ್ಲದಿದ್ದರೆ ಕಾರು ಪಲ್ಟಿ. ಪೆಟ್ಟಿಗೆಯ ಜೊತೆ ಬಂದದ್ದು ಹೊರದೇಶದ ಎರಡು ಟ್ರ್ಯಾಕು. ಇನ್ನೂ ಬೇಕೆಂದರೆ ಬೇರೆಯಾಗಿ ಕೊಳ್ಳಬೇಕು.

ನನ್ನ ಯಜಮಾನರು ಸರ್ವೆಯರ್ ಆಗಿದ್ದರು. "ದಿನವಿಡೀ ಊರವರ ರಸ್ತೆ ಅಳೀತೀನಿ, ನನ್ನ ಆಟಕ್ಕೆ ರಸ್ತೆ ಅಂಗಡಿಯಿಂದ ತರ್ಲಾ?" ಎಂದು ಹಳೇ ಕ್ಯಾಲೆಂಡರುಗಳ ಹಿಂಬದಿಯಲ್ಲಿ ತಾವೇ ಹೊಸ ಟ್ರ್ಯಾಕು ಬರೆಯತೊಡಗಿದರು. ಮೂರು ಮುಗಿದವು. ನಾಲ್ಕನೆಯದು ನಂಜನಗೂಡಿನಿಂದ ನರಸೀಪುರದ ರಸ್ತೆ. ಅದನ್ನು ಅವರ ಅಪ್ಪನಿಗೆಂದೇ ಶುರು ಮಾಡಿದ್ದರು. ನನ್ನ ಮಾವ ಆ ರಸ್ತೆಯಲ್ಲಿ ಇಪ್ಪತ್ತಾರು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಭಾನುವಾರ ನಾವು ಆಟಕ್ಕೆ ಕೂತರೆ "ಮಕ್ಳಾಟ" ಎಂದು ಎದ್ದು ಹೋಗುವವರು. "ಅವರ ರಸ್ತೇನೇ ಬರೆದ್ರೆ ಕೂರದೆ ಎಲ್ಲಿಗೆ ಹೋಗ್ತಾರೆ?" ಎನ್ನುವುದು ಮಗನ ಲೆಕ್ಕ.

ಎಂಬತ್ತೇಳು ಮನೆ ಬರೆದಿದ್ದರು. ಹೋದ ವರ್ಷ ಮಳೆಗಾಲದಲ್ಲಿ ತೀರಿಕೊಂಡರು.

ಆಮೇಲೆ ಮಾವ ಜಗಲಿಯ ಮಂಚ ಹಿಡಿದರು. ಕೇಳಿದರೆ "ಆಯ್ತು", "ಬ್ಯಾಡ", "ಇರ್ಲಿ". ದಿನಕ್ಕೆ ಈ ಮೂರೇ ಮಾತು. ಉಳಿದರ್ಧ ರಸ್ತೆಯನ್ನು ನಾನೇ ಬರೆದು ಅವರನ್ನು ಒಂದು ಸಲವಾದರೂ ಹಲಗೆಯ ಮುಂದೆ ಕೂರಿಸಬೇಕು ಎಂದು ನಿಶ್ಚಯಿಸಿದೆ. ನನಗೆ ಚಿತ್ರ ಬರುವುದಿಲ್ಲ. ನಾನು ಹೈಸ್ಕೂಲಿನ ಗಣಿತದ ಟೀಚರು. ಅಳತೆ ಬರುತ್ತದೆ.

ಆ ನಾಲ್ಕು ರಸ್ತೆಗಳ ಮೇಲೆ ನಡೆದದ್ದರಲ್ಲಿ ಕೆಲವನ್ನು ಇಲ್ಲಿ ಬರೆಯುತ್ತೇನೆ.

೧. ಗೇಟು

ಮೊದಲ ಟ್ರ್ಯಾಕು ನಂಜನಗೂಡು ಪೇಟೆಯದು. ಯಜಮಾನರು ಅದರಲ್ಲಿ ಒಂದು ರೈಲ್ವೆ ಗೇಟು ಇಟ್ಟಿದ್ದರು. ಗೇಟಿನ ಮುಂದೆ ಬಂದವರು ಬೇರೆ ದಾಳ ಹಾಕಬೇಕು. ಆರು ಬಿದ್ದರೆ ಮಾತ್ರ ಗೇಟು ತೆರೆಯುತ್ತದೆ.

ಭಾನುವಾರದ ಆಟಕ್ಕೆ ಇಬ್ಬರು ತಪ್ಪದೆ ಬರುತ್ತಾರೆ. ಒಬ್ಬರು ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು, ಇನ್ನೊಬ್ಬರು ಹಾಲಿನ ಡೈರಿಯಲ್ಲಿ ಕೆಲಸ ಮಾಡುವ ಪಕ್ಕದ ಮನೆಯ ಅಕ್ಕ. ಅವತ್ತು ಮೇಷ್ಟ್ರ ಕಾರು ಎಲ್ಲರಿಗಿಂತ ಮುಂದೆ ಗೇಟಿಗೆ ಬಂತು. ಹನ್ನೊಂದು ಸಲ ದಾಳ ಹಾಕಿದರು. ಆರು ಬೀಳಲಿಲ್ಲ. ಹಿಂದೆ ನಮ್ಮ ಮೂರು ಕಾರು ಬಂದು ನಿಂತವು.

"ಎಷ್ಟೊತ್ತು ಅಂತ ಇಂಜಿನ್ ಆನ್‌ನಲ್ಲಿ ಇಡೋದು? ಆಫ್ ಮಾಡಿದ್ದೀನಿ. ಗೇಟು ತೆಗೆದ್ರೆ ಕರೀರಿ" ಎಂದು ಮೇಷ್ಟ್ರು ಅಡುಗೆಮನೆಗೆ ಟೀ ಸೋಸಿಕೊಳ್ಳಲು ಹೋದರು.

ಅವರ ಪರವಾಗಿ ಅಕ್ಕ ದಾಳ ಹಾಕಿದರು. ಆರು!

ಕರೆಯಬಹುದಿತ್ತು. ಕರೆಯಲಿಲ್ಲ. ಒಬ್ಬ ಸರ್ವೆಯರ್, ಒಬ್ಬ ಗಣಿತದ ಟೀಚರ್, ಒಬ್ಬ ಡೈರಿ ಉದ್ಯೋಗಿ, ಮೂವರೂ ಬಾಯಲ್ಲಿ ಹಾರ್ನ್ ಮಾಡುತ್ತಾ ಕೂತೆವು. ಟೀ ಲೋಟ ಹಿಡಿದುಕೊಂಡೇ ಓಡಿ ಬಂದ ಮೇಷ್ಟ್ರು, "ಬಂದೆ ಇರ್ರೀ, ಎಲ್ಲಾರ್ಗೂ ಅರ್ಜೆಂಟು!" ಎಂದು ನಿಜವಾಗಿಯೂ ರೇಗಿದರು.

೨. ಹುರುಳಿ

ಎರಡನೆಯದು ಹೆಡತಲೆ, ಹೆಮ್ಮರಗಾಲದ ಕಡೆಯ ರಸ್ತೆ. ಆ ಕಡೆ ಸುಗ್ಗಿಯಲ್ಲಿ ಟಾರು ರಸ್ತೆಯ ಮೇಲೇ ಹುರುಳಿ ಗಿಡ ಹರಡುತ್ತಾರೆ. ಬಸ್ಸು, ಲಾರಿ ಹಾದು ಹೋದರೆ ಕಾಳು ತಾನೇ ಉದುರುತ್ತದೆ. ಯಜಮಾನರು ಆ ಟ್ರ್ಯಾಕಿನಲ್ಲಿ ಆರು ಮನೆಗಳಿಗೆ ಕಂದು ಬಣ್ಣ ಹಚ್ಚಿ ಹುರುಳಿ ಮಾಡಿದ್ದರು. ಅಲ್ಲಿಗೆ ಬಂದರೆ ಕಾರು ಜಾರಿ ಎರಡು ಮನೆ ಮುಂದೆ ಹೋಗಬೇಕು.

ಡೈರಿ ಅಕ್ಕನ ತವರಿನ ಜಮೀನು ಹೆಮ್ಮರಗಾಲದಲ್ಲಿದೆ. ಆಟದಲ್ಲಿ ಅವರೇ ಮುಂದಿದ್ದರು. ಗೆಲುವಿಗೆ ಇನ್ನು ಇಪ್ಪತ್ತು ಮನೆಯೂ ಇರಲಿಲ್ಲ. ಹುರುಳಿ ಬಂತು. ಅಕ್ಕ ಅದರ ಮೇಲೆ ಹಾದು ಹೋದರು, ನಿಂತರು, ಕಾರನ್ನು ಹಿಂದಕ್ಕೆ ತಂದರು.

"ಅಕ್ಕಾ, ರೇಸಲ್ಲಿ ರಿವರ್ಸ್ ಇಲ್ಲ" ಎಂದರು ಯಜಮಾನರು.

"ಒಂದ್ಸಲ ಹಾಯ್ಸುದ್ರೆ ಕಾಳು ಉದುರ್ತದಾ ಅಣ್ಣಾ? ಅರ್ಧಂಬರ್ಧ ಬುಟ್ಟು ಓಗಕ್ಕಾಯ್ತದಾ?" ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಆಮೇಲೆ ಪಿ.ಟಿ. ಮೇಷ್ಟ್ರ ಕಡೆ ತಿರುಗಿ, "ಸಾ, ಸೈಡಲ್ಲಿ ಓಗ್ಬ್ಯಾಡಿ, ನಡೂಮಧ್ಯ ಬನ್ನಿ. ನಿಮ್ದು ತೂಕದ ಗಾಡಿ."

ಮೇಷ್ಟ್ರು ಮರುಮಾತಿಲ್ಲದೆ ನಡುಮಧ್ಯ ಬಂದರು. ಆ ದಿನ ಯಾರೂ ಗೆಲ್ಲಲಿಲ್ಲ.

ರಾತ್ರಿ ಯಜಮಾನರು ಟ್ರ್ಯಾಕಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ನಿಯಮ ಬರೆದರು: "ಹುರುಳಿಯ ಮೇಲೆ ಯಾರೂ ಎರಡು ಸಲಕ್ಕಿಂತ ಹೆಚ್ಚು ಓಡಾಡುವಂತಿಲ್ಲ." ಮುಂದಿನ ಭಾನುವಾರ ಅದರ ಕೆಳಗೆ ಅಕ್ಕನ ಕೈಬರಹದಲ್ಲಿ ಇನ್ನೊಂದು ಸಾಲಿತ್ತು: "ಮೋಡ ಇದ್ದರೆ ಮೂರು."

೩. ಟೇಪು

ಯಜಮಾನರು ಹೋದ ಮೇಲೆ, ನಾಲ್ಕನೇ ಟ್ರ್ಯಾಕಿನ ಉಳಿದ ಭಾಗಕ್ಕಾಗಿ ನಾನು ನರಸೀಪುರದ ಬಸ್ಸಿನಲ್ಲಿ ಮೂರು ಸಲ ಹೋಗಿ ಬಂದೆ. ತಿರುವು ಬಂದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಮೂರನೇ ಸಲ ಕಂಡಕ್ಟರು ನನ್ನನ್ನು ಚೆಕಿಂಗಿನವಳು ಅಂದುಕೊಂಡರೆಂದು ಕಾಣುತ್ತದೆ. ಅವತ್ತು ಆ ಬಸ್ಸಿನಲ್ಲಿ ಒಬ್ಬ ಅಜ್ಜಿಯ ಬುಟ್ಟಿಯಲ್ಲಿದ್ದ ಕೋಳಿಗೂ ಟಿಕೆಟ್ ಆಯಿತು. ಅಜ್ಜಿಯದು ಮಾತ್ರ ಫ್ರೀ.

ಒಂದು ತಿರುವು ಬಸ್ಸಿನಿಂದ ಸರಿಯಾಗಿ ಸಿಗಲಿಲ್ಲ. ಬಿಳಿಗೆರೆ ದಾಟಿದ ಮೇಲೆ ಅಲ್ಲಿ ಇಳಿದು, ಯಜಮಾನರ ಟೇಪನ್ನೇ ಬಿಚ್ಚಿ ಅಳೆಯತೊಡಗಿದೆ. ತಿರುವಿನಲ್ಲಿ ಒಂದು ಟೀ ಅಂಗಡಿ. ಅಂಗಡಿಯವನು ಹಾಲಿನ ಪಾತ್ರೆ ಇಳಿಸಿ ಓಡಿ ಬಂದ.

"ಮೇಡಂ, ರೋಡು ಅಗ್ಲ ಮಾಡುದ್ರೆ ನಮ್ದು ಎಷ್ಟಡಿ ಓಯ್ತದೆ?"

"ಏನೂ ಹೋಗಲ್ಲಪ್ಪ. ಇದು ಒಂದು ಆಟಕ್ಕೆ."

"ಮೊದ್ಲು ಎಲ್ಲಾರೂ ಅಂಗೇ ಅನ್ನೋದು."

ಟೀ ಬಂತು, ಬನ್ನು ಬಂತು, ಕೂರಲು ಸ್ಟೂಲು ಬಂತು. ಬೇರೆ ದಾರಿ ಕಾಣದೆ ಚೀಲದಿಂದ ಟ್ರ್ಯಾಕು ತೆಗೆದು ತೋರಿಸಿದೆ. "ನೋಡಿ, ಇದು ನಿಮ್ಮ ತಿರುವು. ಇಷ್ಟೇ."

ಆತ ಬಗ್ಗಿ ಬಹಳ ಹೊತ್ತು ನೋಡಿದ. ಮುಖ ಇನ್ನಷ್ಟು ಇಳಿಯಿತು. "ನಮ್ಮಂಗ್ಡಿನೇ ಇಲ್ವಲ್ಲಾ ಮೇಡಂ! ಪೂರ್ತಿ ಎತ್ತಾಕ್ಬುಟ್ರಾ?"

ಪೆನ್ಸಿಲ್ ತೆಗೆದು ತಿರುವಿನ ಬಲಕ್ಕೆ ಒಂದು ಸಣ್ಣ ಅಂಗಡಿ ಬರೆದೆ, ಬಾಗಿಲು ಕಿಟಕಿ ಸಮೇತ. ಆತ ಉಸಿರು ಬಿಟ್ಟ. ಟೀ ದುಡ್ಡು ತೆಗೆದುಕೊಳ್ಳಲಿಲ್ಲ. ನಾನು ಹೊರಟಾಗ ಹಿಂದೆಯೇ ಬಂದು, ರಸ್ತೆಯ ಆಚೆ ಬದಿಯ ಇನ್ನೊಂದು ಟೀ ಅಂಗಡಿಯತ್ತ ಕಣ್ಣು ಹಾಯಿಸಿ, ಮೆಲ್ಲಗೆ ಹೇಳಿದ:

"ಮೇಡಂ, ಅವುನ್ದು ಬರೀಬ್ಯಾಡಿ."

೪. ಎರಡು ಕೈ

ಟ್ರ್ಯಾಕು ಮುಗಿಯಿತು. ಮೊದಲರ್ಧ ಯಜಮಾನರದು. ಕುಂಚದಲ್ಲಿ ಬರೆದದ್ದು, ದಾರಿಯಲ್ಲಿ ಹುಣಸೆ ಮರ, ಎಮ್ಮೆ, ಬಾವಿ. ಎಂಬತ್ತೆಂಟನೇ ಮನೆಯಿಂದ ನನ್ನದು. ಸ್ಕೇಲು, ಕೈವಾರ, ಕೋನಮಾಪಕ. ಪ್ರತಿ ತಿರುವಿಗೂ ತ್ರಿಜ್ಯ ಲೆಕ್ಕ ಹಾಕಿದ್ದೆ. ನನ್ನ ಹುಣಸೆ ಮರಗಳು ಕಡ್ಡಿಯ ಮೇಲೆ ಇಟ್ಟ ವೃತ್ತಗಳಾಗಿದ್ದವು.

ಪಿ.ಟಿ. ಮೇಷ್ಟ್ರು ಒಳ್ಳೆಯವರು. "ಚೆನ್ನಾಗಿದೆ ಮೇಡಂ, ತುಂಬಾ ನೀಟಾಗಿದೆ" ಎಂದರು.

ಡೈರಿ ಅಕ್ಕ ಸುಳ್ಳು ಹೇಳುವವರಲ್ಲ. "ಇಲ್ಲಿಗಂಟ ಅಣ್ಣನ ರಸ್ತೆ. ಇಲ್ಲಿಂದಾಚೆ ಎಸ್ಸೆಸ್ಸೆಲ್ಸಿ ಪೇಪರು."

೫. ತಪ್ಪು

ಮರುದಿನ ಬೆಳಿಗ್ಗೆ ಟ್ರ್ಯಾಕನ್ನು ಮಾವನ ಮಂಚದ ಪಕ್ಕದ ಬೆಂಚಿನ ಮೇಲೆ ಹರಡಿ, ನಾಲ್ಕು ಮೂಲೆಗೂ ಲೋಟ ಇಟ್ಟು, ಏನೂ ಹೇಳದೆ ಒಳಗೆ ಬಂದೆ. ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಮೊದಲು ಕಣ್ಣು ಹಾಯಿಸಿದರು. ಆಮೇಲೆ ಕನ್ನಡಕ ಹುಡುಕಿದರು. ಆಮೇಲೆ ಎದ್ದು ಕೂತು, ನಂಜನಗೂಡು ಬಸ್‌ಸ್ಟ್ಯಾಂಡಿನಿಂದ ಬೆರಳು ಓಡಿಸಿಕೊಂಡು ಹೊರಟರು.

"ಬಾರವ್ವಾ ಇಲ್ಲಿ. ಯಾರ್ ಬರ್ದೋರು ಇದ್ನ?"

"ಇಲ್ಲೀವರ್ಗೆ ನಿಮ್ಮ ಮಗ. ಇಲ್ಲಿಂದ ನಾನು. ತಪ್ಪಿದ್ರೆ ಹೇಳಿ ಮಾವ, ತಿದ್ದುತೀನಿ."

"ನಿಂದು ಸರ್ಯಾಗದೆ. ಅವುಂದೇ ತಪ್ಪು."

ಸರ್ವೆಯರ್ ಬರೆದದ್ದು ತಪ್ಪು, ನಾನು ಬರೆದದ್ದು ಸರಿ!

"ಕಾಲುವೆ ಸೇತುವೆ ದಾಟುದ್ಮೇಲೆ ಎರಡು ತಿರುವು ಅವೆ. ನೋಡು, ಇವ್ನು ನೇರಕ್ಕೆ ಎಳ್ದವ್ನೆ." ಮಾವನ ಧ್ವನಿ ಏರಿತು. "ಎಂಗ್ ಗೊತ್ತಿರ್ತದೆ? ನರಸೀಪುರಕ್ಕೆ ಓದಕ್ಕೋಗೋನು, ದಿನಾ ನನ್ ಬಸ್ಸಲ್ಲೇ. ಸೇತುವೆ ಬತ್ತಿದ್ದಂಗೆ ಗೊರಕೆ. ಐದು ವರ್ಷ ಆ ಎರಡು ತಿರುವ ಕಣ್ಬುಟ್ಟು ನೋಡಿಲ್ಲ ಬಡ್ಡೆತ್ತದು!"

ಮಗನ ವಿಷಯ ಅವರ ಬಾಯಲ್ಲಿ ಬಂದದ್ದು ಒಂದು ವರ್ಷದಲ್ಲಿ ಅದೇ ಮೊದಲು. ನಾನು ಒಳಗೆ ಹೋಗಿ, ಕಣ್ಣು ಒರೆಸಿಕೊಂಡು, ರಬ್ಬರು ಪೆನ್ಸಿಲು ತಂದೆ.

ಮಾವ ಕೈ ಅಡ್ಡ ಇಟ್ಟರು. "ಬ್ಯಾಡ, ಇರ್ಲಿ. ನಿದ್ದೆ ಮಾಡೋನ್ನ ಎಬ್ಬಿಸ್ಬ್ಯಾಡ. ಎಬ್ಬಿಸುದ್ರೆ ಸಾಯಂಕಾಲಗಂಟ ಸಿಡುಕ್ತಾನೆ."

೬. ನರಸೀಪುರದ ಬಸ್ಸು

ಆ ಭಾನುವಾರ ಊಟ ಮುಗಿದ ಮೇಲೆ ಮಾವ ತಾವಾಗಿಯೇ ಒಳಗೆ ಬಂದು ಚಾಪೆಯ ಮೇಲೆ ಕೂತರು. ಯಾರೂ ಆಶ್ಚರ್ಯ ತೋರಿಸಬಾರದು ಎಂದು ನಾನು ಮೊದಲೇ ಎಲ್ಲರಿಗೂ ಹೇಳಿದ್ದೆ. ಪಿ.ಟಿ. ಮೇಷ್ಟ್ರು ಆಶ್ಚರ್ಯ ತೋರಿಸದಿರಲು ಎಷ್ಟು ಕಷ್ಟಪಟ್ಟರೆಂದರೆ, ಸೀಲಿಂಗ್ ಫ್ಯಾನನ್ನೇ ನೋಡುತ್ತಾ ಕೂತಿದ್ದರು.

ಮಾವ ಕೆಂಪು ಕಾರನ್ನು ಅಂಗೈಲಿ ಇಟ್ಟುಕೊಂಡು ನೋಡಿದರು. "ಇದ್ರಲ್ಲಿ ಎಷ್ಟು ಜನ ಇಡೀತಾರೆ?"

"ಒಬ್ಬರೇ ಮಾವ. ರೇಸಿನ ಕಾರು."

"ಒಬ್ಬುನ್ನ ಕೂರುಸ್ಕಂಡು ನರಸೀಪುರಕ್ಕಾ? ಡೀಸೆಲ್ ದಂಡ." ಆದರೂ ಕಾರನ್ನು ಬಸ್‌ಸ್ಟ್ಯಾಂಡಿನಲ್ಲಿ ಇಟ್ಟರು.

ಮೇಷ್ಟ್ರು ನಿಯಮ ಹೇಳಿದರು. ತಿರುವಿನಲ್ಲಿ ಒಮ್ಮೆ ನಿಂತು ಹೋಗಬೇಕು ಎಂದಾಗ ಮಾವ ಅವರನ್ನು ದಿಟ್ಟಿಸಿದರು. "ತಿರುವಲ್ಲಿ ಯಾರ್ ಸಾ ನಿಲ್ಲುಸ್ತಾರೆ? ಇಂದ್ಗಡಿಂದ ಲಾರಿ ಬಂದ್ರೆ ನಿಮ್ಮಪ್ಪ ಉತ್ತರ ಕೊಡ್ತಾನಾ? ನಿಲ್ಸೋದು ಸ್ಟಾಪಲ್ಲಿ."

ಬಸ್ಸಿನಲ್ಲಿ ಹೋಗಿಬಂದಾಗ ಸ್ಟಾಪುಗಳನ್ನೂ ಗುರುತು ಹಾಕಿಕೊಂಡಿದ್ದೆ. ಇರಲಿ ಎಂದು ಟ್ರ್ಯಾಕಿನ ಉದ್ದಕ್ಕೂ ಒಂದೊಂದು ಚುಕ್ಕಿ ಇಟ್ಟಿದ್ದೆ. ಆಟಕ್ಕೂ ಅದಕ್ಕೂ ಸಂಬಂಧವಿಲ್ಲ. ಮಾವನಿಗೆ ಮಾತ್ರ ಸಂಬಂಧವಿತ್ತು.

ಎರಡನೇ ಗೇರಿನ ಮೊದಲ ದಾಳಕ್ಕೆ ನಾಲ್ಕು ಬಿತ್ತು. ಒಂದು ಮನೆ ಹೋಗಿ ಕಾರು ನಿಲ್ಲಿಸಿದರು.

"ಇನ್ನೂ ಮೂರಿದೆ ಯಜಮಾನ್ರೇ" ಎಂದರು ಮೇಷ್ಟ್ರು.

"ಸ್ಟಾಪ್ ಬಂತಲ್ಲ."

ಹೀಗೇ ಸಾಗಿತು. ಎಷ್ಟೇ ಬೀಳಲಿ, ಚುಕ್ಕಿ ಬಂದರೆ ಬಸ್ಸು ನಿಲ್ಲುತ್ತದೆ. ಎರಡನೇ ಗೇರು ದಾಟಲಿಲ್ಲ. ಒಂದು ಸ್ಟಾಪಿನಲ್ಲಿ ಎರಡು ಸುತ್ತು ದಾಳವನ್ನೇ ಮುಟ್ಟಲಿಲ್ಲ.

"ಯಾಕೆ ಮಾವ?"

"ಇಲ್ಲಿ ಹೂವಿನ ಮೂಟೆ ಹತ್ತುಸ್ತಾರೆ. ಹೊತ್ತಾಯ್ತದೆ."

ಮೇಷ್ಟ್ರು ನರಸೀಪುರ ಮುಟ್ಟಿ ಗೆದ್ದರು. ಅಕ್ಕ ಎರಡನೆಯವರು, ನಾನು ಮೂರು. ಮಾವ ಇನ್ನೂ ಬಿಳಿಗೆರೆಯಲ್ಲಿದ್ದರು.

"ದೊಡ್ಡಪ್ಪಾ, ಆಟ ಮುಗೀತು" ಎಂದರು ಅಕ್ಕ.

"ನಿಮ್ದು ಮುಗೀತು. ನಾನು ರೈಟ್ ಟೈಮಲ್ಲಿವ್ನಿ."

ಯಾರೂ ಏಳಲಿಲ್ಲ. ಮಾವ ಒಬ್ಬರೇ ದಾಳ ಹಾಕುತ್ತಾ, ಒಬ್ಬರೇ ನಿಲ್ಲಿಸುತ್ತಾ, ಪ್ರತಿ ಸ್ಟಾಪಿನಲ್ಲೂ ಯಾರು ಹತ್ತುತ್ತಿದ್ದರು, ಯಾರು ಚಿಲ್ಲರೆ ಇಲ್ಲವೆಂದು ದಿನಾ ಜಗಳ ಆಡುತ್ತಿದ್ದರು, ಯಾರು ಸೀಟಿಗೆ ಟವಲು ಹಾಕಿ ಆಮೇಲೆ ಹತ್ತುತ್ತಿದ್ದರು, ಎಲ್ಲವನ್ನೂ ಹೇಳುತ್ತಾ ಬಂದರು. ಮುಕ್ಕಾಲು ಗಂಟೆ ಹಿಡಿಯಿತು. ವರ್ಷದ ಮಾತೆಲ್ಲ ಆ ರಸ್ತೆಯಲ್ಲೇ ಬಂತು. ಕೊನೆಗೆ ಕೆಂಪು ಕಾರನ್ನು ನರಸೀಪುರದಲ್ಲಿ ನಿಲ್ಲಿಸಿ, ಎರಡು ಕೈಯನ್ನೂ ತೊಡೆಯ ಮೇಲೆ ಒರೆಸಿಕೊಂಡು, "ನಾನೇ ಗೆದ್ದೋನು" ಎಂದರು.

"ಅದೆಂಗೆ ಯಜಮಾನ್ರೇ? ನಾನು ಬಂದು ಮುಕ್ಕಾಲು ಗಂಟೆ ಆಯ್ತಲ್ಲ!" ಎಂದರು ಮೇಷ್ಟ್ರು.

"ನೀವ್ ಮೂರ್ ಜನ ಸ್ಟಾಪಲ್ಲಿ ಬುಟ್ಟು ಬಂದೋರೆಲ್ಲಾ ನನ್ ಬಸ್ಸಲ್ಲವ್ರೆ. ಬೇಕಾದ್ರೆ ಕೇಳಿ ಅವ್ರುನ್ನ, ಯಾರ್ ಗೆದ್ದೋರು ಅಂತ."

ಮೇಷ್ಟ್ರು ಸೋಲೊಪ್ಪಿಕೊಂಡು, ನಗುತ್ತಾ, ಚಪ್ಪಲಿ ಹುಡುಕಲು ಎದ್ದರು. ಅಕ್ಕನೂ ಎದ್ದರು, ಸಂಜೆಯ ಹಾಲು ಅಳೆಯುವ ಹೊತ್ತಾಗಿತ್ತು. ನಾನು ದಾಳಗಳನ್ನು ಪೆಟ್ಟಿಗೆಗೆ ಹಾಕತೊಡಗಿದೆ. ಅಷ್ಟರಲ್ಲಿ ಮಾವ ಕೆಂಪು ಕಾರನ್ನು ಮೆಲ್ಲಗೆ ತಿರುಗಿಸಿ, ಮೂತಿ ನಂಜನಗೂಡಿನ ಕಡೆಗೆ ಮಾಡಿ ಇಟ್ಟರು.

"ಎಲ್ಗೋಯ್ತೀರಿ ಎಲ್ಲಾ? ಕೂತ್ಕಳಿ. ಗಾಡಿ ವಾಪಸ್ ಡಿಪೋಗೆ ಸೇರ್ಬೇಕಲ್ಲ."

ಮೇಷ್ಟ್ರು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ನಿಂತಿದ್ದರು. "ಯಜಮಾನ್ರೇ, ರಿಟರ್ನ್ ಟ್ರಿಪ್ಪು ನಾಳೆ ಇಟ್ಕೊಂಡ್ರಾಗಲ್ವಾ?"

ಮಾವ ಎರಡನೇ ಗೇರಿನ ದಾಳಕ್ಕೆ ನನ್ನ ಕಡೆ ಕೈ ಚಾಚುತ್ತಾ ಹೇಳಿದರು:

"ಆಗಲ್ಲ ಸಾ. ನಾಳೆ ನಂಗೆ ರಜ."